ಕೇಳಿ ನಡೆದ ದಾರಿ

ನಮ್ಮ ಹೊಲಕ್ಕೆ ತಂತಿ ಬೇಲಿ ಹಾಕಿಸಿದ ವಾರದಲ್ಲೇ ಒಂದು ಕಡೆ ಕೆಳಗಿನ ಎರಡು ಎಳೆಗಳು ಸಡಿಲವಾಗತೊಡಗಿದವು. ತಂತಿ ಹರಿದಿರಲಿಲ್ಲ, ಯಾರೂ ಕತ್ತರಿಸಿಯೂ ಇರಲಿಲ್ಲ. ಕಲ್ಲುಕಂಬಕ್ಕೆ ಸುತ್ತಿದ್ದ ಕಟ್ಟು ಬಿಚ್ಚಿ, ಕೆಲಸ ಮುಗಿದ ಮೇಲೆ ಮತ್ತೆ ಕಟ್ಟಿಟ್ಟು ಹೋದ ಹಾಗಿತ್ತು. ನೆಲದ ಮೇಲೆ ಕುರಿ ಹಿಕ್ಕೆ ಬಿದ್ದಿದ್ದರಿಂದ ಯಾರು ಅನ್ನುವುದರಲ್ಲಿ ಅನುಮಾನವಿರಲಿಲ್ಲ. ನನ್ನ ಗಂಡನಿಗೆ ಸಿಟ್ಟು ಬಂದದ್ದು ಬಿಚ್ಚಿದ್ದಕ್ಕಿಂತ ಹೆಚ್ಚಾಗಿ ಮತ್ತೆ ಕಟ್ಟಿದ್ದಕ್ಕೆ.

"ಕದ್ದು ಹೋಗೋರು ಹಿಂಗೆ ನೀಟಾಗಿ ಕಟ್ಟಿಟ್ಟು ಹೋಗ್ತಾರೇನು? ಅವರದೇ ಬೇಲಿ ಅನ್ನೋ ಹಂಗೆ ಮಾಡ್ಯಾರೆ" ಅಂದರು.

ನಮ್ಮೂರು ಶಿಕಾರಿಪುರ ತಾಲ್ಲೂಕಿನಲ್ಲಿ, ಉಡುತಡಿಯ ಕಡೆಗಿದೆ. ಹೊಲ ಇರುವುದು ಊರಿಗೂ ಕೆರೆಗೂ ನಡುವೆ. ಮೊದಲೆಲ್ಲ ಅಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದರು. ಬೋರು ಕೊರೆಸಿದ ಮೇಲೆ ಶುಂಠಿ ಹಾಕಿದೆವು. ಶುಂಠಿಯ ಏರುಮಡಿಯನ್ನು ದನ ತುಳಿಯುತ್ತವೆ, ಹಂದಿ ಬಗೆಯುತ್ತವೆ ಎಂದು ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆಸಿದೆವು. ಹೊಲದ ಒಂದು ಅಂಚಿನಲ್ಲಿ, ನಮ್ಮ ಜಾಗದೊಳಗೇ, ಅಗಲವಾದ ಬದುವೊಂದಿದೆ. ನಮ್ಮ ಬೀದಿಯ ಕೊನೆ ಮನೆಯ ಅಜ್ಜಿ ದಿನಾ ಬೆಳಗ್ಗೆ ತನ್ನ ಕುರಿಗಳನ್ನು ಆ ಬದುವಿನ ಮೇಲೆಯೇ ಕೆರೆಯ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದಳು. ಅವರೂ ನಮ್ಮಷ್ಟೇ ಹಳೆಯ ಮನೆತನದವರು, ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ಬದು ಬಿಟ್ಟರೆ ಡಾಂಬರು ರಸ್ತೆ ಸುತ್ತಿ ಹೋಗಬೇಕು. ಅಲ್ಲಿ ಬಸ್ಸು, ಲಾರಿ.

ಬೇಲಿ ಹಾಕಿಸುವಾಗ ಆ ದಾರಿಯ ನೆನಪು ನಮಗೆ ಯಾರಿಗೂ ಬರಲಿಲ್ಲ. ಅಷ್ಟು ವರ್ಷ ಕಣ್ಣೆದುರಿಗಿದ್ದದ್ದು ಹೇಗೆ ಮರೆತುಹೋಯಿತು ಎಂದು ಈಗ ಆಶ್ಚರ್ಯವಾಗುತ್ತದೆ.

ಮರುದಿನ ಬೆಳಗ್ಗೆ ಗಂಡ ಬೇಲಿಯ ಹತ್ತಿರ ಕಾಯಲು ಹೊರಟರು. ಜಗಳವಾದೀತೆಂದು ನಾನೂ ಜೊತೆಗೆ ಹೋದೆ. ಬಿಸಿಲು ಏರುವ ಮೊದಲೇ ಅಜ್ಜಿ ಕುರಿಗಳ ಸಮೇತ ಬಂದಳು. ನಮ್ಮನ್ನು ಕಂಡು ಹಿಂಜರಿಯಲಿಲ್ಲ. ಬದಲಿಗೆ ಮುಖ ಅರಳಿತು.

"ಬಂದ್ರಾ ಅಣ್ಣಾರೆ, ಚಲೋ ಆತು. ಈ ತಂತಿ ಬಾಳ ಬಿಗಿ ಐತೆ. ನನ್ನ ಕೈಲಿ ಆಗವಲ್ದು. ಒಂದೀಟು ಎತ್ತಿ ಹಿಡೀರಿ."

ಗಂಡ ಎತ್ತಿ ಹಿಡಿದರು. ಕುರಿಗಳು ಒಂದೊಂದಾಗಿ ಬಗ್ಗಿ ದಾಟಿದವು. ಕೊನೆಗೆ ಅಜ್ಜಿ ಸೆರಗು ತಂತಿಗೆ ಸಿಕ್ಕದಂತೆ ಮುದುರಿ ಹಿಡಿದು ದಾಟಿ, "ಬರ್ತೀವ್ರೀ" ಅಂದು ಕೆರೆಯ ಕಡೆ ನಡೆದಳು. ಗಂಡ ತಂತಿ ಬಿಟ್ಟು ಕೈ ನೋಡಿಕೊಂಡರು. ಮನೆಗೆ ಬರುವ ದಾರಿಯುದ್ದಕ್ಕೂ ಸಿಟ್ಟು ಅಜ್ಜಿಯ ಮೇಲೋ ತಮ್ಮ ಮೇಲೋ ಗೊತ್ತಾಗದ ಹಾಗೆ ಗೊಣಗುತ್ತಿದ್ದರು.

"ಎಷ್ಟು ಸಲಿಗೆ ನೋಡು. ಏನು ಹಕ್ಕೈತೆ ಅಂತ ಹಿಂಗೆ ಮಾಡ್ತಾಳೆ?"

ಅವರು ಅದನ್ನು ಪ್ರಶ್ನೆಯಾಗಿ ಕೇಳಿರಲಿಲ್ಲ, ಬೈದದ್ದು ಅಷ್ಟೆ. ನನ್ನ ತಲೆಯಲ್ಲಿ ಮಾತ್ರ ಅದು ಪ್ರಶ್ನೆಯಾಗಿಯೇ ಉಳಿಯಿತು. ನಾನು ಶಿಕಾರಿಪುರದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತೇನೆ. ಹಕ್ಕು ಅನ್ನುವ ಪದವನ್ನು ದಿನಕ್ಕೆ ಎಷ್ಟು ಸಲ ಟೈಪು ಮಾಡುತ್ತೇನೋ ಲೆಕ್ಕವಿಲ್ಲ. ಹಕ್ಕು, ಹಕ್ಕುದಾರ, ಹಕ್ಕುಬಾಧ್ಯತೆ. ಈ ಬಾಧ್ಯತೆ ಅನ್ನುವುದು ನನಗೆ ಮೊದಲಿನಿಂದಲೂ ವಿಚಿತ್ರವಾಗಿ ಕಂಡಿದೆ. ಒಂದು ಅರ್ಜಿಯಲ್ಲಿ 'ವಾದಿಯು ಪರಿಹಾರ ಪಡೆಯಲು ಬಾಧ್ಯರು' ಅಂದರೆ ಅವರಿಗೆ ಬರಬೇಕು ಎಂದರ್ಥ. ಇನ್ನೊಂದರಲ್ಲಿ 'ಪ್ರತಿವಾದಿಯು ಕೊಡಲು ಬಾಧ್ಯರು' ಅಂದರೆ ಅವರು ಕೊಡಲೇಬೇಕು ಎಂದರ್ಥ. ಬರಬೇಕಾದವನಿಗೂ ಕೊಡಬೇಕಾದವನಿಗೂ ಒಂದೇ ಪದ. ಅಜ್ಜಿ ಯಾವ ಬಗೆಯ ಬಾಧ್ಯಸ್ಥೆ ಎಂದು ತಿಳಿಯಬೇಕೆನಿಸಿತು.

ಮಧ್ಯಾಹ್ನ ಕಕ್ಷಿದಾರರು ಯಾರೂ ಇಲ್ಲದಾಗ ವಕೀಲರಿಗೆ ವಿಷಯ ಹೇಳಿದೆ. ಅವರು ಊಟದ ಡಬ್ಬಿ ಮುಚ್ಚಿ ಕೈ ಒರೆಸಿಕೊಂಡರು.

"ಎಷ್ಟು ವರ್ಷದಿಂದ ಓಡಾಡ್ತಿದಾರೆ?"

"ನಾನು ಮದುವೆಯಾಗಿ ಬರುವ ಮೊದಲಿನಿಂದ ಸರ್."

"ಇಪ್ಪತ್ತು ವರ್ಷ ಆಗಿದ್ರೆ ದಾರಿ ಹಕ್ಕು ಬರುತ್ತೆ. ಆದ್ರೆ ಒಂದು ವಿಷಯ ನೋಡಬೇಕು. ಎಲ್ಲರ ಕಣ್ಣೆದುರಿಗೆ, ತಂಟೆ ಇಲ್ಲದೆ, ತನ್ನ ಹಕ್ಕು ಅಂತಲೇ ನಡೆದಿರಬೇಕು. ನಿಮ್ಮನ್ನ ಕೇಳಿ ಹೋಗ್ತಿದ್ರಾ, ಕೇಳದೆ ಹೋಗ್ತಿದ್ರಾ?"

"ಕೇಳಿ ಹೋಗಿದ್ರೆ?"

"ಕೇಳಿ ಹೋಗಿದ್ರೆ ಹಕ್ಕಿಲ್ಲ. ಅದು ನೀವು ಕೊಟ್ಟ ಅನುಮತಿ. ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು."

"ಕೇಳದೆ ಹೋಗಿದ್ರೆ?"

"ಹಕ್ಕಿದೆ."

ಹಾಗಾದರೆ ಮರ್ಯಾದೆಯಿಂದ ಒಂದು ಮಾತು ಕೇಳಿ ನಡೆದವರಿಗೆ ಏನೂ ಇಲ್ಲ, ಕೇಳದೆ ನಡೆದವರಿಗೆ ಎಲ್ಲ. ವಕೀಲರಿಗೆ ನನ್ನ ಮುಖ ನೋಡಿ ನಗು ಬಂತು. "ಕಾನೂನಿಗೆ ಮರ್ಯಾದೆ ಕಾಣಲ್ಲಮ್ಮ, ಸಾಕ್ಷಿ ಕಾಣುತ್ತೆ" ಅಂದು ಮುಂದಿನ ಕಡತ ಎತ್ತಿಕೊಂಡರು.

ಸಂಜೆ ಇದನ್ನು ಗಂಡನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳಿದೆ. ಅವರು ತಕ್ಷಣ, "ಹಂಗಾದ್ರೆ ಅಜ್ಜಿನ್ನೇ ಕೇಳೋಣ" ಅಂದರು.

ಮರುದಿನ ನಾವಿಬ್ಬರೂ ಮತ್ತೆ ಬೇಲಿಯ ಬಳಿ ಹೋದೆವು. ಕೇಳಿದ್ದು ನಾನು. "ಅಜ್ಜಿ, ಇಷ್ಟು ವರ್ಷ ಈ ಬದುವಿನ ಮೇಲೆ ಹೋಗ್ತಿದ್ರಲ್ಲ, ನಮ್ಮ ಮನೆಯವರನ್ನ ಕೇಳಿ ಹೋಗ್ತಿದ್ರಾ?"

ಅಜ್ಜಿಗೆ ನೋವಾಯಿತು. "ಇದೇನು ಹಿಂಗಂತೀರಿ ಅಕ್ಕಾರೆ? ಕೇಳದಂಗೆ ಹೋಗಾಕೆ ನಾವೇನು ತುಡುಗರಾ? ನಿಮ್ಮ ಮಾವನೋರನ್ನ ಕೇಳೇ ಹೋಗಿದ್ದು. ಹೋಗ್ರಿ ಅಂದಿದ್ರು. ದಿನಾ ಮನೆ ಮುಂದೆ ಹಾಯ್ದು ಹೋಗುವಾಗ 'ಬರ್ತೀವ್ರೀ' ಅಂತೀನಿ, ನಿಮ್ಮ ಅತ್ತೆಯೋರು ಹೂಂ ಅಂತಾರೆ. ಒಂದಿನ ತಪ್ಪಿಲ್ಲ."

ತುಡುಗರು ಅಂದರೆ ಕಳ್ಳರು. ತಾನು ಅಂಥವಳಲ್ಲ ಎಂದು ತೋರಿಸಲು ಅಜ್ಜಿ ಎಷ್ಟು ಒತ್ತಿ ಹೇಳಿದಳೆಂದರೆ, ಒಂದೊಂದು ಮಾತಿಗೂ ಅವಳ ಹಕ್ಕು ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಸಾಕು ಅಜ್ಜಿ ಅನ್ನೋಣವೆನಿಸಿತು. ಗಂಡ ನನ್ನ ಕಡೆ ತಿರುಗಿ ಹುಬ್ಬೇರಿಸಿದರು. ಕೇಸು ಗೆದ್ದವರ ಮುಖ ನಾನು ಕಚೇರಿಯಲ್ಲಿ ನೋಡಿದ್ದೇನೆ, ಹಾಗೇ ಇತ್ತು.

ಆದರೆ ಗಂಡ ಮನೆಗೆ ಬಂದು ಅದನ್ನೇ ಜಂಬದಿಂದ ಹೇಳಿದಾಗ ಅತ್ತೆ ಮೊರದಲ್ಲಿದ್ದ ಅವರೆಕಾಳಿನಿಂದ ತಲೆ ಎತ್ತಲಿಲ್ಲ.

"ಕೇಳಿ ಹೋಗ್ತಿದ್ಲು ಅಂತ ಯಾರಂದಿದ್ದು?"

"ಅವಳೇ ಅಂದ್ಲು."

"ಅವಳು ಅಂತಾಳೆ, ದೊಡ್ಡ ಮನಸ್ಸು. ನಾನು ಈ ಮನೆಗೆ ಬಂದಾಗ ಅವಳ ಅತ್ತೆ ಆ ಬದುವಿನ ಮೇಲೆ ಕುರಿ ಹೊಡಕಂಡು ಹೋಗ್ತಿತ್ತು. ಅವಾಗ ನಿಮ್ಮಪ್ಪ ಇನ್ನೂ ಯಜಮಾನ್ನೇ ಆಗಿರ್ಲಿಲ್ಲ. ಹೋಗೋರಿಗೆ ಹೋಗ್ರಿ ಅಂದ್ರೆ ಅದು ಕೊಟ್ಟಂಗಾಯ್ತಾ? ನಾವು ಕೊಟ್ಟಿದ್ದೂ ಇಲ್ಲ, ಅವರು ಇಸ್ಕಂಡಿದ್ದೂ ಇಲ್ಲ."

"ನೀನು ಹೂಂ ಅಂತಿದ್ದೆಯಲ್ಲ?"

"ಬರ್ತೀವಿ ಅಂದೋರಿಗೆ ಹೂಂ ಅನ್ನದೇ ಇನ್ನೇನು ಅನ್ನಲಿ?" ಅಂದರು ಅತ್ತೆ. "ನನ್ನನ್ನ ಎಲ್ಲಿ ಕರೆದು ಕೇಳಿದ್ರೂ ಹಿಂಗೇ ಹೇಳಾದು."

ಗಂಡ ಅಂಗಳಕ್ಕೆ ಹೋಗಿ ನಿಂತರು. ದಾರಿ ನಡೆದವಳು ನಮ್ಮ ಪರವಾಗಿ ಸಾಕ್ಷಿ ಹೇಳುತ್ತಾಳೆ, ಹೊಲದ ಒಡತಿ ಅವಳ ಪರವಾಗಿ. ಇಬ್ಬರೂ ತಮ್ಮ ತಮ್ಮ ಮರ್ಯಾದೆ ಉಳಿಸಿಕೊಳ್ಳುವುದಕ್ಕೆ ತಮ್ಮ ತಮ್ಮ ಹಕ್ಕನ್ನು ಎದುರಿನವರ ಕೈಗೆ ಹಾಕುತ್ತಿದ್ದಾರೆ. ಇಂಥ ದಾವೆಯನ್ನು ನಮ್ಮ ವಕೀಲರು ಎಂದೂ ನಡೆಸಿರಲಾರರು.

ನನ್ನನ್ನು ಕಾಡಿದ್ದು ಆ 'ಬರ್ತೀವ್ರೀ'. ಅದು ಅಪ್ಪಣೆ ಕೇಳುವ ಮಾತೋ, ಸುಮ್ಮನೆ ತಿಳಿಸುವ ಮಾತೋ? ನಮ್ಮಲ್ಲಿ ಹೋಗುವಾಗ ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತೇವೆ. ಅದಕ್ಕೆ ಬರುವ ಹೂಂ ಒಪ್ಪಿಗೆಯೋ, ಕಿವಿಗೆ ಬಿತ್ತು ಅನ್ನುವುದರ ಗುರುತೋ? ನಾನು ದಿನಾ ಕೆಲಸಕ್ಕೆ ಹೊರಡುವಾಗ ಚಪ್ಪಲಿ ಮೆಟ್ಟಿ "ಬರ್ತೀನಿ ಅತ್ತೆ" ಅನ್ನುತ್ತೇನೆ. ಅವರು ಹೂಂ ಅನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಅದು ಖಂಡಿತ ಕೇಳುವ ಮಾತಾಗಿತ್ತು. ಹೂಂ ಬರುವವರೆಗೆ ಹೊಸ್ತಿಲ ಹತ್ತಿರ ನಿಲ್ಲುತ್ತಿದ್ದೆ. ಈಗ ಹೂಂ ಬರುವ ಹೊತ್ತಿಗೆ ನಾನು ಬೀದಿಯಲ್ಲಿರುತ್ತೇನೆ. ಯಾವ ವರ್ಷ, ಯಾವ ಬೆಳಗ್ಗೆ ಅದು ಬದಲಾಯಿತು? ನನಗೇ ತಿಳಿಯದು.

ಅದೇ ವಾರ ತವರಿಗೆ ಹೋಗಬೇಕಾಗಿ ಬಂತು. ನನ್ನ ತವರು ಸೊರಬ ತಾಲ್ಲೂಕಿನ ಜಡೆ. ತಮ್ಮನ ಮನೆ ತಲುಪಿದವಳೇ ಹಿತ್ತಿಲಿಗೆ ಹೋಗಿ ಚೀಲ ತುಂಬ ಕರಿಬೇವು ಕೊಯ್ದೆ. ಪ್ರತಿ ಸಲವೂ ಮಾಡುವ ಕೆಲಸ. ತಮ್ಮನ ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅತ್ತಿಗೆ, ಒಂದು ಮಾತು ಹೇಳಿದ್ರೆ ನಾನೇ ಕೊಯ್ದು ಇಡ್ತಿದ್ನಲ್ದಾ? ಎಳೇ ಕುಡಿನೇ ಮುರೀತೀರಿ, ಗಿಡ ಸೊರಗ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಮಾತು ಬಹಳ ದಿನದಿಂದ ಇಟ್ಟುಕೊಂಡದ್ದು. ಆ ಗಿಡಕ್ಕೆ ಅಷ್ಟು ವರ್ಷ ನೀರು ಹಾಕಿದವಳು ಅವಳು. ನಾನು ಮುರಿದ ಕುಡಿ ಕೈಯಲ್ಲೇ ಹಿಡಿದು ನಿಂತೆ. ತವರಿನ ಜಮೀನಿನಲ್ಲಿ ನನಗೂ ಪಾಲಿದೆ ಎಂದು ಕಾನೂನು ಹೇಳುತ್ತದೆ, ಅಂಥ ಅರ್ಜಿಗಳನ್ನು ನಾನೇ ಟೈಪು ಮಾಡಿದ್ದೇನೆ. ಆ ಪಾಲನ್ನು ಕೇಳಬೇಕು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಕರಿಬೇವಿನ ಬಗ್ಗೆ ಯಾವ ಕಾನೂನೂ ಇಲ್ಲ, ಅದನ್ನೂ ಕೇಳಬೇಕು ಎಂದು ಅನ್ನಿಸಿಲ್ಲ. ಇರುವ ಹಕ್ಕು ನನ್ನದೆನಿಸುವುದಿಲ್ಲ, ಇಲ್ಲದ್ದು ನನ್ನದೇ ಎನಿಸುತ್ತದೆ. ಸೊರಬದಲ್ಲಿ ಇಳಿದು ಶಿಕಾರಿಪುರದ ಬಸ್ಸು ಹತ್ತಿದಾಗಲೂ ಅದನ್ನೇ ಯೋಚಿಸುತ್ತಿದ್ದೆ. ಅಜ್ಜಿ ತಂತಿ ಬಿಚ್ಚುವಾಗ ಅವಳ ಮನಸ್ಸಿನಲ್ಲಿದ್ದದ್ದು ಬಹುಶಃ ಇಂಥದೇ ಏನೋ.

ಊರಿಗೆ ಬರುವಷ್ಟರಲ್ಲಿ ವಿಷಯ ಬೇರೆ ತಿರುವು ತಗೊಂಡಿತ್ತು. ಅಜ್ಜಿಯ ಸೊಸೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತಿದ್ದಳು. ಮೂವತ್ತು ದಾಟದ ಹೆಂಗಸು, ಮಾತು ಚುರುಕು. ಅಜ್ಜಿಯ ಮಂಡಿ ನೋವು ಹೆಚ್ಚಾಗಿ, ಇನ್ನು ಮುಂದೆ ಕುರಿ ಹೊಡೆಯುವವಳು ತಾನೇ ಎಂದು ಹೇಳಲು ಬಂದಿದ್ದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನಮ್ಮತ್ತೆ ದಿನಾ ಹೇಳಿ ಹೋಗ್ತಿದ್ರು. ನಾನು ಹೇಳಲ್ಲ ಅಣ್ಣಾರೆ. ಅಗೌರವ ಅಲ್ಲ. ದಾರಿ ಅಂದ್ಮೇಲೆ ದಾರಿ. ಟಾರ್ ರೋಡಲ್ಲಿ ಹೋಗುವಾಗ ಯಾರಿಗಾದ್ರೂ ಹೇಳ್ತೀವಾ?"

"ಅದು ಸರ್ಕಾರದ ರೋಡು. ಇದು ನನ್ನ ಹೊಲ" ಅಂದರು ಗಂಡ.

"ನಿಮ್ಮ ಹೊಲನೇ. ಇಲ್ಲ ಅಂದೋರು ಯಾರು? ನೀವು ಒಳ್ಳೇರು, ತಂತಿ ಎತ್ತಿ ಹಿಡಿದ್ರಂತೆ. ಆದ್ರೆ ನಾಳೆ ನೀವು ಈ ಹೊಲ ಮಾರಿದ್ರೆ? ಕೊಂಡೋರಿಗೆ ನಾವು ಬರ್ತೀವ್ರೀ ಅಂದ್ರೆ ಅವರು ಹೂಂ ಅಂತಾರಾ?"

ಕೇಳುವುದಕ್ಕೂ ಕೇಳದೆ ಇರುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಅಷ್ಟು ದಿನ ಮಾತಿನಲ್ಲಿ ಹುಡುಕುತ್ತಿದ್ದೆ. ಇವಳು ಅದನ್ನು ಹೊಲದ ಮುಂದಿನ ಒಡೆಯನಲ್ಲಿ ತೋರಿಸಿದಳು. ಒಳ್ಳೆಯತನ ಮನುಷ್ಯರ ಜೊತೆಗೆ ಹೊರಟುಹೋಗುತ್ತದೆ. ದಾರಿ ಉಳಿಯಬೇಕಾದರೆ ಅದು ನೆಲಕ್ಕೇ ಅಂಟಿರಬೇಕು.

"ಬರೆದು ಕೊಡ್ರಿ" ಅಂದಳು.

ಇದನ್ನು ಕೇಳಿ ಸಿಟ್ಟಾದವಳು ಅಜ್ಜಿ. ಸಂಜೆ ಕೋಲೂರಿಕೊಂಡು ಅತ್ತೆಯ ಹತ್ತಿರ ಬಂದು ಕೂತಳು. "ಇಷ್ಟು ವರ್ಷ ಬಾಯಿ ಮಾತಲ್ಲಿ ನಡೆದೀವಿ. ಇವಳು ಕಾಗದ ಕೇಳಾಕೆ ಬಂದಾಳೆ. ನನಗೆ ಮುಖ ತೋರ್ಸಾಕೆ ಆಗವಲ್ದು" ಅಂದಳು. ಅತ್ತೆ ಅವಳಿಗೆ ಎಲೆ ಅಡಿಕೆ ಕೊಟ್ಟು, "ಇರ್ಲಿ ಬಿಡವ್ವ. ನಾವಿಬ್ರೂ ಎಷ್ಟು ದಿನ ಇರ್ತೀವಿ?" ಅಂದರು. ಅಜ್ಜಿಗೆ ಅದರಿಂದ ಸಮಾಧಾನವಾಗಲಿಲ್ಲ. ಸೊಸೆಯೊಡನೆ ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲ ಎಂದು ಆಮೇಲೆ ತಿಳಿಯಿತು.

ಗಂಡ ಒಪ್ಪಲು ಸಮಯ ತಗೊಂಡರು. ಒಪ್ಪಿದ್ದಕ್ಕೆ ತಾಯಿಯೇ ಎದುರು ಪಕ್ಷ ಎನ್ನುವುದು ಒಂದು ಕಾರಣ. ಇನ್ನೊಂದು, ಆ ಬದುವಿನ ಮೇಲೆ ಶುಂಠಿಯನ್ನಂತೂ ಹಾಕಲಾಗುತ್ತಿರಲಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು. ಕೊನೆಗೆ, "ಆಯ್ತು, ಬೇಲಿ ಈಚೆಗೆ ಸರಿಸೋಣ. ಬರೆಯೋದು ನೀನೇ ಬರಿ. ಆದ್ರೆ ನಾನು ಕೊಟ್ಟಿದ್ದೀನಿ ಅಂತ ಬರೀಬೇಕು" ಅಂದರು.

ನಾನು ಕಚೇರಿಯಲ್ಲಿ ಕೂತು ಕರಡು ಮಾಡಿದೆ. 'ಸದರಿ ಬದುವಿನ ಮೇಲೆ ಕುರಿ ದನಗಳ ಸಮೇತ ಕೆರೆಗೆ ಹೋಗಿ ಬರಲು ದಾರಿಯ ಹಕ್ಕನ್ನು ಕೊಟ್ಟಿರುತ್ತೇವೆ.' ಮನೆಗೆ ತಂದು ಓದಿದೆ. ಗಂಡ ತಲೆಯಾಡಿಸಿದರು. ಅಜ್ಜಿಯ ಸೊಸೆ ಆಡಿಸಲಿಲ್ಲ.

"ಕೊಟ್ಟಿರುತ್ತೇವೆ ಅಂತ ಯಾಕೆ ಅಕ್ಕಾರೆ? ಇವತ್ತು ಕೊಟ್ಟಂಗಾಯ್ತಲ್ಲ. ಮೊದ್ಲಿಂದ ಇತ್ತು ಅಂತ ಬರೀರಿ. 'ಹಕ್ಕು ಇರುತ್ತದೆ' ಅಂತ."

"ಇತ್ತು ಅಂದ್ರೆ ನಾನು ಬೇಲಿ ಹಾಕಿದ್ದು ತಪ್ಪು ಅಂದಂಗಾಯ್ತಲ್ಲ" ಅಂದರು ಗಂಡ.

"ತಪ್ಪು ಅಂತ ನಾನೆಲ್ಲಿ ಅಂದೆ?"

"ಇತ್ತು ಅಂದ್ರೆ ಅಂದಂಗೇ."

ಬದು ಬಿಡುವುದಕ್ಕೆ ಇಬ್ಬರೂ ಸಿದ್ಧ. ಅಗಲದ ಬಗ್ಗೆ ತಕರಾರಿಲ್ಲ, ಬೇಲಿ ಸರಿಸುವ ಬಗ್ಗೆ ತಕರಾರಿಲ್ಲ. ಒಂದು ಕ್ರಿಯಾಪದದ ಹತ್ತಿರ ಬಂದು ಇಬ್ಬರೂ ನಿಂತುಬಿಟ್ಟರು. ಕೊಟ್ಟದ್ದೆಂದರೆ ಗಂಡನ ಮಾನ ಉಳಿಯುತ್ತದೆ, ಇತ್ತೆಂದರೆ ಅವಳ ಮಾನ. ನನಗೆ ನಿಜಕ್ಕೂ ಕುತೂಹಲವಾಗಿತ್ತು. ಹಕ್ಕು ಎಲ್ಲಿಂದ ಬರುತ್ತದೆ, ಯಾರಾದರೂ ಕೊಟ್ಟಾಗ ಹುಟ್ಟುತ್ತದೋ, ಮೊದಲೇ ಇದ್ದು ಆಮೇಲೆ ಕಣ್ಣಿಗೆ ಬೀಳುತ್ತದೋ? ನಮ್ಮ ಜಗಲಿಯ ಮೇಲೆ ಕೂತ ಇಬ್ಬರಿಗೆ ಇದರ ತೀರ್ಮಾನವಾಗದೆ ಬೇಲಿ ಸರಿಯುವ ಹಾಗಿರಲಿಲ್ಲ.

ಮರುದಿನ ವಕೀಲರಿಗೆ ಕರಡು ತೋರಿಸಿದೆ. ಅವರು ಓದಿ, ಪೆನ್ನಿನಿಂದ 'ಕೊಟ್ಟಿರುತ್ತೇವೆ' ಹೊಡೆದುಹಾಕಿ, ಮೇಲೆ 'ಹಕ್ಕನ್ನು ಒಪ್ಪಿಕೊಂಡಿರುತ್ತೇವೆ' ಎಂದು ಬರೆದರು.

"ಇದಕ್ಕೆ ಇಬ್ಬರೂ ಸುಮ್ಮನಾಗ್ತಾರೆ ನೋಡಮ್ಮ" ಅಂದರು.

ಹಾಗೇ ಆಯಿತು. ಒಪ್ಪಿಕೊಂಡಿರುತ್ತೇವೆ ಅಂದಾಗ ಗಂಡ, ತಾವು ಒಪ್ಪಿಗೆ ಕೊಟ್ಟೆವೆಂದು ತಿಳಿದರು. ಅಜ್ಜಿಯ ಸೊಸೆ, ಇದ್ದದ್ದನ್ನು ಇವರು ಒಪ್ಪಿಕೊಂಡರೆಂದು ತಿಳಿದಳು. ಇಬ್ಬರ ಮುಖದಲ್ಲೂ ಗೆದ್ದ ಕಳೆಯಿತ್ತು. ಒಂದೇ ಪದ ಎರಡು ಮನೆಗೂ ಎರಡು ಬಗೆಯಲ್ಲಿ ಹೊಂದಿಕೊಂಡಿತು. ಕಾನೂನಿನ ಕಣ್ಣಿಗೆ ಅದರ ಅರ್ಥ ಯಾವುದು ಎಂದು ವಕೀಲರನ್ನು ಕೇಳಿದೆ. "ಜಗಳ ಬಂದಾಗ ನೋಡೋಣ" ಅಂದರು. ಶಿಕಾರಿಪುರದಲ್ಲಿ ನೋಂದಣಿಯಾಯಿತು. ಸಹಿ ಹಾಕುವಾಗ ಅಜ್ಜಿಯ ಸೊಸೆ ಪತ್ರವನ್ನು ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ತಾನೇ ಓದಿದಳು. ಹಿಂದೆ ನಿಂತವರು ತಡವಾಯಿತೆಂದು ಗೊಣಗಿದರೂ ಅವಳು ಅವಸರ ಮಾಡಲಿಲ್ಲ.

ಬೇಲಿ ಈಚೆಗೆ ಸರಿಯಿತು. ಬದು ಈಗ ತಂತಿಯ ಹೊರಗಿದೆ. ಸೊಸೆ ಹೇಳಿದ ಹಾಗೆಯೇ ನಡೆದುಕೊಂಡಳು. ಬೆಳಗ್ಗೆ ನಮ್ಮ ಮನೆ ಮುಂದೆ ಕುರಿ ಹೊಡೆದುಕೊಂಡು ಹೋಗುವಾಗ ಏನೂ ಹೇಳುವುದಿಲ್ಲ. ಮೊದಮೊದಲು ಅತ್ತೆಗೆ ಅದು ಕಸಿವಿಸಿಯಾಯಿತು. ಕುರಿಗಳ ಸದ್ದು ಕೇಳಿದಾಗ ತಲೆ ಎತ್ತಿ ಕಾಯುತ್ತಿದ್ದರು. "ಅಗೌರವ ಅಲ್ಲ ಅತ್ತೆ, ಅವಳು ಮೊದಲೇ ಹೇಳಿದ್ದಾಳೆ" ಅಂದೆ. "ಗೊತ್ತವ್ವ. ಆದ್ರೂ ಮನೆ ಮುಂದೆ ಹೋಗೋರು ಒಂದು ಮಾತಾಡಿದ್ರೆ ಚಂದ" ಅಂದರು. ಕೆಲವು ದಿನ ಕಳೆದ ಮೇಲೆ ಅತ್ತೆಯೇ ಜಗಲಿಯಿಂದ, "ನಿಮ್ಮತ್ತೆ ಮಂಡಿ ಹೆಂಗೈತೆ?" ಎಂದು ಕೇಳಿದರು. ಅವಳು ನಿಂತು ಉತ್ತರ ಹೇಳಿದಳು. ಈಗ ಅಲ್ಲಿ ದಿನಾ ಒಂದೆರಡು ಮಾತು ನಡೆಯುತ್ತವೆ. ಅವು ದಾರಿಗೆ ಸಂಬಂಧಪಟ್ಟವಲ್ಲ. ಕೇಳಬೇಕಾದ ಕೆಲಸ ಮುಗಿದ ಮೇಲೆ ಅವರಿಬ್ಬರ ಮಾತು ಹಗುರವಾಯಿತೇ ಎಂದು ನನಗೆ ಅನ್ನಿಸಿದ್ದುಂಟು. ಆದರೆ ಅಜ್ಜಿಯ ಹಳೆಯ ಮಾತೂ ಭಾರವಾಗಿರಲಿಲ್ಲವಲ್ಲ.

ಗಂಡನಿಗೆ ಮಾತ್ರ ಈ ಇಡೀ ಪ್ರಸಂಗದಿಂದ ಒಂದು ತೊಡಕು ಉಳಿಯಿತು. ಮೊನ್ನೆ ಪಕ್ಕದ ಹೊಲದವರು ತಮ್ಮ ಟ್ರ್ಯಾಕ್ಟರನ್ನು ಬದುವಿನ ಬಾಯಿಗೆ ತಂದು ನಿಲ್ಲಿಸಿ, "ಜೋಳದ ಚೀಲ ಸಾಗಿಸಬೇಕಿತ್ತು, ಹಿಂಗೇ ಹೋಗ್ತೀನ್ರೀ" ಅಂದರು. ಮೊದಲಾಗಿದ್ದರೆ ಗಂಡ ನೋಡದೆಯೇ ಹೋಗ್ರಿ ಅಂದುಬಿಡುತ್ತಿದ್ದರು. ಈಗ ಬಾಯಿ ತೆರೆದವರು ಮತ್ತೆ ಮುಚ್ಚಿದರು. ಹೋಗಿ ಅಂದರೆ ಏನಾಗುತ್ತದೆ, ಏನೂ ಅನ್ನದಿದ್ದರೆ ಏನಾಗುತ್ತದೆ ಎಂದು ನನ್ನ ಮುಖ ನೋಡಿದರು. ಟ್ರ್ಯಾಕ್ಟರಿನ ಎಂಜಿನು ಗುಡುಗುಡು ಅನ್ನುತ್ತಲೇ ಇತ್ತು.

"ಈ ಸಲ ಹೋಗ್ರಿ" ಅಂದರು ಕೊನೆಗೆ. "ಈ ಸಲ ಅಂತ ಹೇಳ್ತಿದೀನಿ, ನೆನಪಿರ್ಲಿ."

ಟ್ರ್ಯಾಕ್ಟರಿನವರು ಅದನ್ನು ತಮಾಷೆ ಎಂದುಕೊಂಡು ನಗುತ್ತ ಹೋದರು. ಬದುವಿನ ಅಂಚು ಒಂದು ಕಡೆ ಚಕ್ರಕ್ಕೆ ಸಿಕ್ಕಿ ಕುಸಿಯಿತು. ಗಂಡ ಗುದ್ದಲಿ ತಂದು ಮಣ್ಣು ಸರಿ ಮಾಡಿದರು. ಸಂಜೆ ಪಕ್ಕದ ಹೊಲದವರ ಮನೆಯಿಂದ ಎರಡು ಕುಂಬಳಕಾಯಿ ಬಂದವು. ಇದನ್ನು ತಗೊಂಡರೆ ಏನು ಅರ್ಥ, ನಾಳೆ ವಕೀಲರನ್ನು ಕೇಳು ಎಂದು ಗಂಡ ನನಗೆ ಹೇಳುತ್ತಿದ್ದರು. ಅಷ್ಟರಲ್ಲಿ ಅತ್ತೆ ಒಂದನ್ನು ಹೆಚ್ಚಿ ಒಲೆಯ ಮೇಲೆ ಇಟ್ಟಾಗಿತ್ತು.